ಯಾರ ಪಕ್ಕದಲ್ಲಿ ಯಾರ ಮನೆ

2009ರ ಮೇ ತಿಂಗಳು. ಸುಳ್ಯ ಪೇಟೆಯಿಂದ ಸ್ವಲ್ಪ ಆಚೆ ಒಂದು ಸಣ್ಣ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಕೂತಿದ್ದೆ. ಟಿವಿಯಲ್ಲಿ ಶ್ರೀಲಂಕಾದ ತಮಿಳು ಹುಲಿಗಳ (ಎಲ್‌ಟಿಟಿಇ) ನಾಯಕ ಪ್ರಭಾಕರನ್ ಸತ್ತ ಸುದ್ದಿ ಮತ್ತೆ ಮತ್ತೆ ಬರುತ್ತಿತ್ತು. ಎದುರಿನ ಬೆಂಚಿನಲ್ಲಿ ರಬ್ಬರ್ ತೋಟದ ಟ್ಯಾಪರ್ ಒಬ್ಬರು. ಬೆಳಗ್ಗಿನ ಹಾಲು ಅಳೆದು ಕೊಟ್ಟು ಬಂದಿದ್ದರು, ಅಂಗಿಯಲ್ಲಿ ಇನ್ನೂ ರಬ್ಬರಿನ ವಾಸನೆ ಇತ್ತು. ಹೋಟೆಲಿನವರು ಅವರ ಕಡೆ ತಿರುಗಿ, "ನಿಮ್ಮವರ ಯುದ್ಧ ಮುಗಿಯಿತಲ್ಲ ಅಣ್ಣಾ" ಅಂದರು. ಕನಿಕರದಿಂದಲೇ ಕೇಳಿದ್ದು. ಅವರು ಗ್ಲಾಸ್ ಕೆಳಗಿಟ್ಟು ಹೇಳಿದರು: "ಅದು ನಮ್ಮ ಯುದ್ಧ ಅಲ್ಲ. ಯಾಳ್ಪಾಣದವರದ್ದು. ನಮಗೆ ಯುದ್ಧ ಮಾಡ್ಲಿಕ್ಕೆ ಜಾಗ ಎಲ್ಲಿತ್ತು?"

ಯಾಳ್ಪಾಣ ಅಂದರೆ ಲಂಕೆಯ ಉತ್ತರ ತುದಿಯ ಜಾಫ್ನಾ. ಆ ಮಾತು ನನ್ನನ್ನು ಬಿಡಲಿಲ್ಲ. ಯುದ್ಧ ಮಾಡಲಿಕ್ಕೆ ಸಿಟ್ಟು ಬೇಕು, ಆಯುಧ ಬೇಕು, ನಾಯಕ ಬೇಕು ಅಂತ ನಾವು ಅಂದುಕೊಂಡಿರುತ್ತೇವೆ. ಜಾಗ ಬೇಕು ಅಂತ ಯಾರೂ ಹೇಳಿದ್ದು ನಾನು ಕೇಳಿರಲಿಲ್ಲ. ಆಮೇಲೆ ಶ್ರೀಲಂಕಾದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ, ಒಮ್ಮೆ ಅಲ್ಲಿಗೆ ಹೋಗಿಯೂ ಬಂದೆ. ಓದಿದಷ್ಟೂ ಆ ಟ್ಯಾಪರ್ ಹೇಳಿದ ಮಾತು ದೊಡ್ಡದಾಗುತ್ತಾ ಹೋಯಿತು.

ಸುಳ್ಯ, ಪುತ್ತೂರು ಕಡೆಯವರಿಗೆ ಸಿಲೋನಿನವರು, ಅಂದರೆ ಲಂಕೆಯ ತೋಟಗಳಿಂದ ಬಂದ ತಮಿಳರು, ಯಾರು ಅಂತ ಹೇಳಬೇಕಾಗಿಲ್ಲ. ನನ್ನ ಕ್ಲಾಸಿನಲ್ಲೇ ಇದ್ದರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಆಟದ ಬಯಲಿನಲ್ಲಿ ತುಳು. ಬೇರೆ ಊರಿನ ಓದುಗರಿಗೆ ಇಷ್ಟು ಹೇಳಿದರೆ ಸಾಕು: 1964ರ ಅಕ್ಟೋಬರಿನಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದ ಮಾಡಿಕೊಂಡರು. ತಮಿಳುನಾಡಿನಿಂದ ಕೆಲಸಕ್ಕೆ ಹೋಗಿ, ಸಿಲೋನಿನ ಟೀ, ರಬ್ಬರ್ ತೋಟಗಳಲ್ಲಿ ಯಾವ ದೇಶದ ಪ್ರಜೆಗಳೂ ಅಲ್ಲದೆ ಉಳಿದಿದ್ದ 9,75,000 ಜನರನ್ನು ಎರಡು ಸರ್ಕಾರಗಳು ಹಂಚಿಕೊಂಡವು. 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲಿಗೆ. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಇಂದಿರಾ ಗಾಂಧಿ ಕಾಲದಲ್ಲಿ ಅರ್ಧರ್ಧ ಮಾಡಿದರು. ಹಾಗೆ ತಲೈಮನ್ನಾರಿನಿಂದ ಹಡಗು ಹತ್ತಿ ಬಂದವರಲ್ಲಿ ಕೆಲವರು ನೀಲಗಿರಿಯ ಟೀ ತೋಟಕ್ಕೆ ಹೋದರು, ಕೆಲವರು ಕೇರಳದ ಪುನಲೂರಿನ ರಬ್ಬರಿಗೆ. ಕೆಲವರು ನಮ್ಮ ಗುಡ್ಡೆಗಳಿಗೆ ಬಂದರು.

ಬಿಡಿಸಲಾಗದ ಗಂಟು ಇರುವುದು ಇಲ್ಲಿ. ಆ ದ್ವೀಪದ ತಮಿಳರಲ್ಲಿ ಎಲ್ಲರಿಗಿಂತ ಜಾಸ್ತಿ ಅನ್ಯಾಯ ಆದದ್ದು ಈ ತೋಟದವರಿಗೆ. ದೇಶ ಸ್ವತಂತ್ರವಾದದ್ದು 1948ರ ಫೆಬ್ರವರಿಯಲ್ಲಿ, ಅದೇ ವರ್ಷ ಹೊಸ ಪೌರತ್ವ ಕಾನೂನು ಬಂದು ಅವರಲ್ಲಿ ಬಹುಪಾಲು ಜನ ಹೊರಗಾದರು. ಮರುವರ್ಷ ಮತವೂ ಹೋಯಿತು. 1946ರ ಗಣತಿಯಲ್ಲಿ ಅವರ ಸಂಖ್ಯೆ ಯಾಳ್ಪಾಣ ಮತ್ತು ಪೂರ್ವ ಕರಾವಳಿಯ ತಮಿಳರಿಗಿಂತ ಸ್ವಲ್ಪ ಹೆಚ್ಚೇ ಇತ್ತು. ಅಂದರೆ ಸಣ್ಣ ಗುಂಪೇನಲ್ಲ. ಹೀಗಿದ್ದೂ ಬಂದೂಕು ಎತ್ತಿದ್ದು ಅವರಲ್ಲ. ಪೌರತ್ವ, ಜಮೀನು, ಶಾಲೆ, ಸರ್ಕಾರಿ ನೌಕರಿ ಎಲ್ಲ ಇದ್ದ ಯಾಳ್ಪಾಣದಲ್ಲಿ ಯುದ್ಧ ಹುಟ್ಟಿತು, ಏನೂ ಇಲ್ಲದ, ದ್ವೀಪದ ನಡುವಿನ ಮಲೆನಾಡಿನ ತೋಟಗಳಲ್ಲಿ ಹುಟ್ಟಲಿಲ್ಲ. ಅನ್ಯಾಯದ ಅಳತೆಗೂ ಯುದ್ಧಕ್ಕೂ ನೇರ ಲೆಕ್ಕ ಇದ್ದಿದ್ದರೆ ಇದು ತಿರುಗುಮುರುಗಾಗಬೇಕಿತ್ತು, ಅಲ್ವಾ?

ಮೇಲೆ ಬಂಗಲೆ, ಕೆಳಗೆ ಹಳ್ಳಿ

ನನ್ನ ಗೆಳೆಯನೊಬ್ಬನ ಅಜ್ಜಿ ಇದ್ದರು. ನಾವೆಲ್ಲ ಪಾಟಿ ಅಂತಲೇ ಕರೆಯುತ್ತಿದ್ದೆವು. ಲಂಕೆಯ ಮಲೆನಾಡಿನ ಹಟನ್ ಹತ್ತಿರದ ಟೀ ತೋಟದಲ್ಲಿ ಹುಟ್ಟಿದವರು. ರಜೆಯಲ್ಲಿ ಅವರ ಮನೆಯ ಜಗಲಿಯಲ್ಲಿ ಕೂತರೆ ಲೈನ್‌ಮನೆಯ ಕತೆ ಹೇಳುತ್ತಿದ್ದರು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ ನೋಡಿದವರಿಗೆ ಲೈನ್‌ಮನೆ ಗೊತ್ತಿರುತ್ತದೆ. ಉದ್ದಕ್ಕೆ ಒಂದೇ ಮಾಡು, ಒಳಗೆ ಸಾಲಾಗಿ ಕೋಣೆಗಳು, ಒಂದು ಕೋಣೆಗೆ ಒಂದು ಸಂಸಾರ. ಪಾಟಿ ಹೇಳುವ ಲೈನಿನಲ್ಲಿ ಕೋಣೆಗಳು ಬೆನ್ನಿಗೆ ಬೆನ್ನು ಕೊಟ್ಟಿದ್ದವು. ಹಿಂದಿನ ಕೋಣೆಯವರು ಕೆಮ್ಮಿದರೆ ಇವರಿಗೆ ನಿದ್ದೆ ಇಲ್ಲ. ಮುಂದೆ ಒಂದು ಸಣ್ಣ ಜಗಲಿ, ಅಲ್ಲೇ ಒಲೆ, ಅಲ್ಲೇ ಸೌದೆ. ಹಿತ್ತಲಿನಲ್ಲಿ ನಾಲ್ಕು ಸಾಲು ಬೀನ್ಸ್ ಹಾಕಬೇಕಾದರೂ ದೊರೆಯನ್ನು ಕೇಳಬೇಕು. ದೊರೆ ಅಂದರೆ ತೋಟದ ಮೇನೇಜರ್. ಕೆಲಸ ಹೋದರೆ ಕೋಣೆಯೂ ಹೋಯಿತು.

ನಾನು ಒಮ್ಮೆ ಕೇಳಿದೆ, "ಗಲಾಟೆ ಆದಾಗ ಏನು ಮಾಡ್ತಿದ್ರಿ ಪಾಟಿ?" ಅವರು ಕೈಯಿಂದ ಗುಡ್ಡದ ಆಕಾರ ತೋರಿಸಿದರು. ಮೇಲಕ್ಕೆ ಬೆರಳು ಮಾಡಿ, "ಇಲ್ಲಿ ಬಂಗಲೆ." ನಡುವೆ ಕೈಯಿಟ್ಟು, "ಇಲ್ಲಿ ನಾವು." ಕೆಳಗೆ ತೋರಿಸಿ, "ಇಲ್ಲಿ ಅವರ ಊರು, ಗದ್ದೆ, ರೋಡು. ಓಡುದು ಎಲ್ಲಿಗೆ ಮಗಾ? ಟೀ ಗಿಡದ ಅಡಿಯಲ್ಲಿ ಮಲಗುದು. ಮಕ್ಕಳ ಬಾಯಿ ಒತ್ತಿ ಹಿಡಿಯುದು. ಬೆಳಗಾದ ಮೇಲೆ ಎಲೆ ಕೊಯ್ಲಿಕ್ಕೆ ಹೋಗುದು."

ನಾನು ಆಮೇಲೆ ಆ ಗುಡ್ಡಗಳ ನಡುವೆ ರೈಲಿನಲ್ಲಿ ಹೋದಾಗ ಪಾಟಿ ಕೈಯಲ್ಲಿ ತೋರಿಸಿದ ಆಕಾರವೇ ಕಿಟಕಿಯ ಹೊರಗೆ ಕಂಡಿತು. ನುವರ ಎಲಿಯಾ ಜಿಲ್ಲೆಯ ಗುಡ್ಡಗಳಲ್ಲಿ ಟೀ ಹತ್ತಿದ ಇಳಿಜಾರು, ಅದರ ಮಡಿಲಿನಲ್ಲಿ ಲೈನ್, ತಗ್ಗಿನಲ್ಲಿ ಗದ್ದೆ ಮತ್ತು ದೇಶದ ಬಹುಸಂಖ್ಯಾತರಾದ ಸಿಂಹಳೀಯರ ಹಳ್ಳಿ. 1981ರ ಗಣತಿಯಲ್ಲಿ ಆ ಜಿಲ್ಲೆಯ ಜನರಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ತೋಟದ ತಮಿಳರೇ. ಆದರೆ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗಬೇಕಾದರೆ ನಡುವೆ ಬೇರೆಯವರ ಊರು ದಾಟಬೇಕು. ಸಮುದ್ರ ದೂರ. ಯಾಳ್ಪಾಣ ಇನ್ನೂ ದೂರ. ಮತ್ತೆ ಆ ನೆಲ ಅವರದ್ದು ಅಂತ ಹೇಳುವ ಹಾಗೂ ಇಲ್ಲ. ಬ್ರಿಟಿಷರು 1840ರಲ್ಲಿ ಒಂದು ಕಾನೂನು ತಂದು, ದಾಖಲೆ ಇಲ್ಲದ ಗುಡ್ಡ, ಕಾಡು, ಕುಮರಿ ಜಾಗ ಎಲ್ಲ ಸರ್ಕಾರದ್ದು ಅಂದರು. ಆ ಜಾಗ ಕಾಫಿ ತೋಟವಾಯಿತು, ಕಾಫಿಗೆ ರೋಗ ಬಿದ್ದ ಮೇಲೆ ಟೀ ತೋಟವಾಯಿತು. ಕೆಳಗಿನ ಹಳ್ಳಿಯವರ ಲೆಕ್ಕದಲ್ಲಿ ಅದು ತಮ್ಮ ಅಜ್ಜಂದಿರಿಂದ ಕಿತ್ತುಕೊಂಡ ಗುಡ್ಡ. ಲೈನಿನಲ್ಲಿ ಇದ್ದವರ ಲೆಕ್ಕದಲ್ಲಿ ಅದು ತಮ್ಮ ಅಜ್ಜಂದಿರು ಜ್ವರದಲ್ಲಿ ಸತ್ತು ಬೆಳೆಸಿದ ತೋಟ. ಕಾಗದದ ಲೆಕ್ಕದಲ್ಲಿ ಕಂಪನಿಯದ್ದು. ಎರಡು ಕಡೆಯ ಬಡವರು ಒಬ್ಬರಿಗೊಬ್ಬರು ಎದುರುಬದುರಾಗಿ ಕೂತದ್ದು ಹೀಗೆ.

ಬೇರೆ ನಾಡಿನ ಕೂಗು ಎದ್ದಾಗ ಮಲೆನಾಡಿನವರು ಅದಕ್ಕೆ ಸೇರದೆ ಉಳಿದದ್ದು ನಾಯಕನ ಜಾಣತನ ಮಾತ್ರ ಅಂತ ನನಗೆ ಅನಿಸುವುದಿಲ್ಲ. 1976ರ ಮೇ 14ರಂದು ಯಾಳ್ಪಾಣದ ವಡ್ಡುಕ್ಕೋಟ್ಟೈಯಲ್ಲಿ ತಮಿಳು ಪಕ್ಷಗಳು ಈಳಂ, ಅಂದರೆ ತಮಿಳರದ್ದೇ ಬೇರೆ ದೇಶ, ಬೇಕು ಅಂತ ಠರಾವು ಮಾಡಿದವು. ತೋಟದ ಕಾರ್ಮಿಕರ ನಾಯಕ ತೊಂಡಮಾನ್ ಒಪ್ಪಲಿಲ್ಲ. ಎರಡು ವರ್ಷ ಕಳೆದು ಜಯವರ್ಧನೆ ಸರ್ಕಾರದಲ್ಲಿ ಮಂತ್ರಿಯಾದರು. ಯಾಳ್ಪಾಣದಲ್ಲಿ ಕೆಲವರು ಅವರನ್ನು ದ್ರೋಹಿ ಅಂದರು. ಆದರೆ ಅವರ ಜನ ಇದ್ದ ಜಾಗ ನೋಡಿ. ಅಲ್ಲಿಂದ ಬಂದೂಕು ಎತ್ತಿದರೆ ಮರುದಿನ ಬೆಳಗ್ಗೆ ಉಳಿಯುವುದು ಯಾರು? ಈರೋಸ್ ಅನ್ನುವ ಹೋರಾಟದ ಗುಂಪು ತನ್ನ ಈಳಂ ಕನಸಿನಲ್ಲಿ ಮಲೆನಾಡನ್ನೂ ಸೇರಿಸಿತ್ತು, ತೋಟಗಳಲ್ಲಿ ಕೆಲಸವನ್ನೂ ಮಾಡಿತು. ದೊಡ್ಡದಾಗಿ ಬೇರೂರಲಿಲ್ಲ. ಬದಲಿಗೆ ತೋಟದವರು ಹಿಡಿದದ್ದು ತಮ್ಮ ಕೈಯಲ್ಲೇ ಇದ್ದ ಇನ್ನೊಂದು ಹಿಡಿತ. ಟೀ ಎಲೆ ಕಾಯುವುದಿಲ್ಲ. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಚಿಗುರು ಬಲಿತು ಹೋಗುತ್ತದೆ, ದೇಶಕ್ಕೆ ಬರುವ ಡಾಲರ್ ನಿಲ್ಲುತ್ತದೆ. 1986ರ ಜನವರಿಯಲ್ಲಿ ಅವರು ಪ್ರಾರ್ಥನೆ ಅಂತ ಹೇಳಿ ಕೆಲಸ ನಿಲ್ಲಿಸಿ ಕೂತರು. ಇನ್ನೂ ಪೌರತ್ವ ಸಿಗದೆ ಉಳಿದಿದ್ದ 94,000 ಜನರಿಗೆ ಪೌರತ್ವ ಕೊಡಲು ಸರ್ಕಾರ ಒಪ್ಪಿತು. ಉತ್ತರದಲ್ಲಿ ಗುಂಡು ಹಾರುತ್ತಿದ್ದ ಅದೇ ವರ್ಷ ಇದು ನಡೆದದ್ದು.

ಅಲ್ಪಸಂಖ್ಯಾತರು, ಆದರೆ ಅಲ್ಲಿ ಅವರೇ ಎಲ್ಲ

ಯಾಳ್ಪಾಣದ ಕತೆ ಬೇರೆ. 1981ರಲ್ಲಿ ಆ ಜಿಲ್ಲೆಯಲ್ಲಿ ನೂರಕ್ಕೆ 95 ಜನ ತಮಿಳರು. ಇಡೀ ದೇಶದಲ್ಲಿ ನೋಡಿದರೆ ತೋಟದವರನ್ನು ಬಿಟ್ಟು ಶ್ರೀಲಂಕಾ ತಮಿಳರು ನೂರಕ್ಕೆ 13 ಕೂಡ ಇಲ್ಲ, ಸಿಂಹಳೀಯರು 74. ಆದರೆ ಯಾಳ್ಪಾಣದ ಓಣಿಯಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಈ ನೂರಕ್ಕೆ ಇಷ್ಟು ಅನ್ನುವ ಲೆಕ್ಕ ಕಾಣಿಸುವುದೇ ಇಲ್ಲ. ಅವನ ಬಾವಿ, ಅವನ ತಾಳೆಗರಿಯ ಬೇಲಿ, ಅವನ ಕೋವಿಲು, ಅವನ ಶಾಲೆ. ಅವನ ಮಟ್ಟಿಗೆ ಪರಕೀಯ ಅಂದರೆ ಭಾಷೆ ಬಾರದ ಪೊಲೀಸ್ ಮತ್ತು ಸೈನಿಕ. "ನಮ್ಮ ನೆಲ" ಅನ್ನುವ ಮಾತು ಅಲ್ಲಿ ಸುಲಭವಾಗಿ ಬಾಯಿಗೆ ಬರುತ್ತದೆ. ಅದು ಸುಳ್ಳೂ ಅಲ್ಲ.

ಅವರಿಗೂ ಅನ್ಯಾಯ ಆಗಿತ್ತು, ಅದನ್ನು ಕಡಿಮೆ ಮಾಡಿ ಹೇಳಬಾರದು. 1956ರಲ್ಲಿ ಸಿಂಹಳ ಒಂದೇ ಆಡಳಿತ ಭಾಷೆಯಾಯಿತು. 70ರ ದಶಕದ ಶುರುವಿನಲ್ಲಿ ವಿಶ್ವವಿದ್ಯಾಲಯದ ಸೀಟಿಗೆ ತಮಿಳು ಹುಡುಗರು ಹೆಚ್ಚು ಅಂಕ ತೆಗೆಯಬೇಕಾಯಿತು. 1981ರಲ್ಲಿ ಯಾಳ್ಪಾಣದ ಗ್ರಂಥಾಲಯಕ್ಕೆ ಬೆಂಕಿ ಬಿತ್ತು, ಸುಮಾರು 97,000 ಪುಸ್ತಕ ಸುಟ್ಟು ಹೋಯಿತು. ಸಿಟ್ಟು ಬರದೆ ಇರುತ್ತದಾ? ಸಿಟ್ಟು ಮಲೆನಾಡಿನಲ್ಲೂ ಇತ್ತು, ಕೊಲಂಬೊದ ವೆಳ್ಳವತ್ತೆಯಲ್ಲೂ ಇತ್ತು. ಅದು ಯುದ್ಧವಾಗಿ ನಿಲ್ಲಬೇಕಾದರೆ ತಲೆಮರೆಸಿಕೊಂಡ ಹುಡುಗನಿಗೆ ರಾತ್ರಿ ಮಲಗಲು ಮನೆ ಬೇಕು, ಅನ್ನ ಹಾಕುವ ಅತ್ತೆ ಬೇಕು, ನೋಡಿದರೂ ನೋಡಿಲ್ಲ ಅನ್ನುವ ನೆರೆಯವರು ಬೇಕು. ಸುತ್ತಲೂ ಹತ್ತು ಮೈಲಿ ಹೀಗೇ ಇರಬೇಕು. ಯಾಳ್ಪಾಣದಲ್ಲಿ ಅದೆಲ್ಲ ಇತ್ತು. ಮೇಲೆ ಸಮುದ್ರ. ಪ್ರಭಾಕರನ್ ಹುಟ್ಟಿದ ವಲ್ವೆಟ್ಟಿತುರೈ ತಲೆಮಾರುಗಳಿಂದ ದೋಣಿಯ ಊರು, ಕಳ್ಳಸಾಗಣೆಯ ಊರು. ತಮಿಳುನಾಡಿನ ದಡಕ್ಕೆ ಹೋಗಿಬರುವುದು ಅವರಿಗೆ ಹೊಸದೇನಲ್ಲ.

ನನ್ನ ಮಾತನ್ನು ಒಪ್ಪದವರಿಗೆ ತೋರಿಸಲು ಒಂದು ಕಟು ಸಂಗತಿ ಇದೆ. 1977ರ ಆಗಸ್ಟಿನ ಗಲಭೆಯಲ್ಲಿ ಪೆಟ್ಟು ತಿಂದ ಎಷ್ಟೋ ತೋಟದ ಕುಟುಂಬಗಳು ಗುಡ್ಡ ಇಳಿದು ಉತ್ತರಕ್ಕೆ ಹೋದವು. ವವುನಿಯಾ, ಕಿಳಿನೊಚ್ಚಿ, ಮುಲ್ಲೈತೀವು ಕಡೆ ಕಾಡಿನ ಅಂಚಿನಲ್ಲಿ ಅವರನ್ನು ಕೂರಿಸಿದರು. ಗಾಂಧೀಯಂ ಅನ್ನುವ ಸೇವಾ ಸಂಸ್ಥೆ ಇದರಲ್ಲಿ ಮುಂದೆ ಇತ್ತು. ಅದೇ ಜನ, ಅದೇ ರಕ್ತ, ಅದೇ ಭಯ. ಜಾಗ ಮಾತ್ರ ಬದಲಾಯಿತು. ಅಲ್ಲಿ ಬೆಳೆದ ಅವರ ಮಕ್ಕಳಲ್ಲಿ ಎಷ್ಟೋ ಜನ ಹುಲಿಗಳ ಪಡೆ ಸೇರಿದರು, ಸತ್ತರು. ಹಟನ್ನಿನಲ್ಲೇ ಉಳಿದ ಚಿಕ್ಕಪ್ಪನ ಮಕ್ಕಳು ಯೂನಿಯನ್ ಸೇರಿದರು.

ಭೂಪಟ ತಿದ್ದುವ ಕೆಲಸ

ಇಲ್ಲಿಯವರೆಗೆ ಬರೆದದ್ದು ಓದಿದರೆ ಯಾರು ಎಲ್ಲಿದ್ದಾರೋ ಅದು ದೇವರು ಇಟ್ಟ ಹಾಗೆ ಇದೆ ಅಂತ ಅನಿಸಬಹುದು. ಹಾಗಿಲ್ಲ. ಜನರನ್ನು ತಂದು ಕೂರಿಸುವವರು ಇರುತ್ತಾರೆ. ಪಟ ನೋಡಿ ಯೋಚನೆ ಮಾಡುವುದು ಹೋರಾಟಗಾರರು ಮಾತ್ರ ಅಲ್ಲ, ಸರ್ಕಾರವೂ ಮಾಡುತ್ತದೆ. ಒಂದೇ ಭಾಷೆಯ ಜನ ಒಂದೇ ಕಡೆ ಒತ್ತಾಗಿ ಇದ್ದರೆ ನಾಳೆ ನೆಲ ಕೇಳುತ್ತಾರೆ ಅಂತ ಹೆದರಿಕೆ ಹುಟ್ಟಿದರೆ, ನಡುವೆ ಬೇರೆಯವರನ್ನು ಕೂರಿಸುವ ಯೋಚನೆ ಬರುತ್ತದೆ.

1949ರಲ್ಲಿ ಪೂರ್ವದ ಗಲ್ ಓಯ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಶುರುವಾಯಿತು. ಕಾಡು ಕಡಿದು ಗದ್ದೆ ಮಾಡಿ ಕಾಲೊನಿ ಕಟ್ಟಿದರು. ಬಂದವರಲ್ಲಿ ಬಹುಪಾಲು ಸಿಂಹಳೀಯ ರೈತರು. ಇವರು ಯಾರು? ಅವರಲ್ಲಿ ಎಷ್ಟೋ ಜನ ಕ್ಯಾಂಡಿ ಕಡೆಯ ಮಲೆನಾಡಿನ ಭೂಮಿ ಇಲ್ಲದ ಬಡವರು. ಟೀ ತೋಟಗಳು ಗುಡ್ಡ ನುಂಗಿದ ಮೇಲೆ ತಗ್ಗಿನಲ್ಲಿ ಇಕ್ಕಟ್ಟಾಗಿ ಉಳಿದವರು. ನನಗೆ ಈ ಇಡೀ ಕತೆಯಲ್ಲಿ ತುಂಬಾ ಸಂಕಟ ಕೊಡುವ ಭಾಗ ಇದು. ತೋಟಕ್ಕಾಗಿ ತಮಿಳು ಬಡವರನ್ನು ಸಮುದ್ರ ದಾಟಿಸಿ ತಂದರು. ತೋಟದಿಂದ ನೆಲ ಕಳೆದುಕೊಂಡ ಸಿಂಹಳ ಬಡವರನ್ನು ಪೂರ್ವಕ್ಕೆ ಕಳಿಸಿದರು. ಅಲ್ಲಿ ಮೊದಲಿಂದ ಇದ್ದ ತಮಿಳರು, ಮುಸ್ಲಿಮರು ಇವರನ್ನು ನೋಡಿ ತಮ್ಮನ್ನು ಮುಳುಗಿಸಲು ಬಂದವರು ಅಂದುಕೊಂಡರು. ಹೊಟ್ಟೆಪಾಡಿಗೆ ಎರಡೆಕರೆ ಸಿಕ್ಕಿತು ಅಂತ ಬಂದವನ ಮನಸ್ಸಿನಲ್ಲಿ ಅಂಥದ್ದೇನೂ ಇಲ್ಲದೆ ಇರಬಹುದು. ಆದರೆ ಅವನನ್ನು ಅಲ್ಲಿ ಕೂರಿಸಿದವರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಅವನ ನೆರೆಯವನಿಗೆ ಮುಖ್ಯವಾಗುತ್ತದೆ.

1956ರ ಜೂನಿನಲ್ಲಿ, ಸಿಂಹಳ ಭಾಷೆಯ ಮಸೂದೆ ಪಾರ್ಲಿಮೆಂಟಿನಲ್ಲಿ ಇದ್ದ ಹೊತ್ತಿಗೇ, ಸ್ವತಂತ್ರ ಸಿಲೋನಿನ ಮೊದಲ ದೊಡ್ಡ ತಮಿಳು ವಿರೋಧಿ ಹಿಂಸೆ ನಡೆದದ್ದು ಗಲ್ ಓಯದಲ್ಲಿ. ಹೊಸ ಕಾಲೊನಿಯಲ್ಲಿ. ಹಳೆ ಊರುಗಳಲ್ಲಿ ಇಬ್ಬರ ನಡುವೆ ಜಗಳ ಬಂದರೆ ಬಿಡಿಸಲು ಹಿರಿಯರು ಇರುತ್ತಾರೆ, ಅಂಗಡಿ ಸಾಲ ಇರುತ್ತದೆ, ಹೆರಿಗೆಗೆ ಬಂದ ಸೂಲಗಿತ್ತಿಯ ಋಣ ಇರುತ್ತದೆ. ಕಾಲೊನಿಯಲ್ಲಿ ಯಾರಿಗೆ ಯಾರೂ ಏನೂ ಅಲ್ಲ. ಅಲ್ಲಿರುವುದು ಗುತ್ತಿಗೆ ಕೂಲಿಗಳು, ಲಾರಿ, ಸರ್ಕಾರಿ ಜೀಪು. ಗಾಳಿಸುದ್ದಿ ಒಂದು ಸಾಕು. 1958ರ ಮೇ ತಿಂಗಳ ಗಲಭೆಯೂ ಪೊಲೊನ್ನರುವ ಕಡೆಯ ಕಾಲೊನಿ ಸೀಮೆಯಲ್ಲೇ ಮೊದಲು ಹೊತ್ತಿಕೊಂಡಿತು.

ಇದನ್ನು ತಡೆಯುವ ಅವಕಾಶ ಒಮ್ಮೆ ಬಂದಿತ್ತು. 1957ರ ಜುಲೈಯಲ್ಲಿ ಆಗಿನ ಪ್ರಧಾನಿ, ಸಿರಿಮಾವೊ ಅವರ ಗಂಡ ಬಂಡಾರನಾಯಕೆ ಮತ್ತು ತಮಿಳು ನಾಯಕ ಚೆಲ್ವನಾಯಕಂ ಕೂತು ಒಂದು ಒಪ್ಪಂದ ಮಾಡಿದರು. ಪ್ರಾದೇಶಿಕ ಮಂಡಳಿಗಳು ಬರಬೇಕು, ಹೊಸ ಕಾಲೊನಿಯಲ್ಲಿ ಯಾರಿಗೆ ಜಾಗ ಕೊಡಬೇಕು ಅಂತ ಆ ಮಂಡಳಿಗಳು ತೀರ್ಮಾನಿಸಬೇಕು ಅಂತ ಅದರಲ್ಲಿತ್ತು. ಭಾಷೆಯಷ್ಟೇ ಮುಖ್ಯ ನೆಲದಲ್ಲಿ ಯಾರನ್ನು ಕೂರಿಸುತ್ತೀರಿ ಅನ್ನುವುದು ಅಂತ ಇಬ್ಬರಿಗೂ ಗೊತ್ತಿತ್ತು. ಭಿಕ್ಷುಗಳ ಮತ್ತು ವಿರೋಧ ಪಕ್ಷದ ಒತ್ತಡಕ್ಕೆ ಮುಂದಿನ ಏಪ್ರಿಲಿನಲ್ಲಿ ಪ್ರಧಾನಿ ಒಪ್ಪಂದ ಹರಿದು ಹಾಕಿದರು. ಮರುತಿಂಗಳೇ ಬೆಂಕಿ.

ಆಮೇಲೂ ಕೂರಿಸುವ ಕೆಲಸ ನಿಲ್ಲಲಿಲ್ಲ. ಪೂರ್ವದ ತ್ರಿಂಕೋಮಲಿ ಜಿಲ್ಲೆಯಲ್ಲಿ 1921ರಲ್ಲಿ ಸಿಂಹಳೀಯರು ನೂರಕ್ಕೆ ನಾಲ್ಕೈದು ಜನ ಇದ್ದರು. 1981ಕ್ಕೆ ಮೂರರಲ್ಲಿ ಒಬ್ಬರು. ವವುನಿಯಾ ಮತ್ತು ಮುಲ್ಲೈತೀವಿನ ಗಡಿಯಲ್ಲಿ, ಉತ್ತರ ಮತ್ತು ಪೂರ್ವದ ತಮಿಳು ಊರುಗಳು ಕೂಡುವ ಕೊಂಡಿಯಲ್ಲಿ, ಕೆಂಟ್ ಫಾರ್ಮ್, ಡಾಲರ್ ಫಾರ್ಮ್ ಅಂತ ಎರಡು ಜಾಗ ಇದ್ದವು. 1977ರ ಗಲಭೆಯಿಂದ ಓಡಿ ಬಂದ ಆ ಟೀ ತೋಟದ ಕುಟುಂಬಗಳು ಅಲ್ಲಿ ಗದ್ದೆ ಮಾಡಿಕೊಂಡಿದ್ದವು. 1984ರಲ್ಲಿ ಅವರನ್ನು ಎಬ್ಬಿಸಿ ಸಿಂಹಳೀಯ ಕೈದಿಗಳನ್ನು ಸಂಸಾರ ಸಮೇತ ತಂದು ಕೂರಿಸಿದರು. ಆ ವರ್ಷದ ನವೆಂಬರ್ 30ರಂದು ಹುಲಿಗಳು ಬಂದು ಹೆಂಗಸರು, ಮಕ್ಕಳು ಅಂತ ನೋಡದೆ ಅರವತ್ತಕ್ಕೂ ಜಾಸ್ತಿ ಜನರನ್ನು ಕೊಂದರು. ಹುಲಿಗಳು ಸಿಂಹಳೀಯ ನಾಗರಿಕರನ್ನು ಹೀಗೆ ದೊಡ್ಡ ಸಂಖ್ಯೆಯಲ್ಲಿ ಕೊಂದದ್ದು ಅದೇ ಮೊದಲು. ಎರಡು ಸಲ ನೆಲೆ ಕಳೆದುಕೊಂಡ ಟೀ ತೋಟದವರು, ಜೈಲಿನಿಂದ ತಂದು ಗಡಿಯಲ್ಲಿ ಇಟ್ಟ ಕೈದಿಗಳು. ಇವರಲ್ಲಿ ಯಾರೂ ಪಟದ ಮೇಲೆ ಗೆರೆ ಎಳೆದವರಲ್ಲ.

ಕರಾವಳಿಯ ಬಸ್ಸು

ಬಟ್ಟಿಕಲೋವಾದಿಂದ ದಕ್ಷಿಣಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಪೂರ್ವ ಕರಾವಳಿ ಪೂರ್ತಿ ಅರ್ಥ ಆಗುತ್ತದೆ. ಬಸ್ಸು ಹೊರಟು ಸ್ವಲ್ಪ ಹೊತ್ತಿಗೇ ಕಾತ್ತಾನ್‌ಕುಡಿ. ರಸ್ತೆ ನಡುವೆ ಖರ್ಜೂರದ ಮರಗಳ ಸಾಲು, ಎರಡೂ ಕಡೆ ಮಸೀದಿ, ಬಟ್ಟೆ ಅಂಗಡಿ, ಜನಸಂದಣಿ. ಕಣ್ಣು ಮಿಟುಕಿಸುವಷ್ಟರಲ್ಲಿ ಆರೈಯಂಪತಿ, ಕೋವಿಲಿನ ಗೋಪುರ, ಹೂವಿನ ಅಂಗಡಿ. ಮುಂದೆ ಕಲುವಾಂಚಿಕುಡಿ, ತಮಿಳರ ಊರು. ಕಲ್ಮುನೈ ಬಂದರೆ ಮತ್ತೆ ಮುಸ್ಲಿಮರು ಜಾಸ್ತಿ. ಸಾಯಿಂದಮರುದು ಅವರದ್ದೇ. ಕಾರೈತೀವು ತಮಿಳರದ್ದು. ನಿಂದವೂರ್ ಮತ್ತೆ ಮುಸ್ಲಿಮರದ್ದು. ಎರಡು ಬಣ್ಣದ ಮಣಿ ಒಂದೊಂದಾಗಿ ಪೋಣಿಸಿದ ಸರದ ಹಾಗೆ. ಎಲ್ಲರ ಮಾತೂ ತಮಿಳು. ಸಮುದ್ರ ಒಂದು ಕಡೆ, ಹಿನ್ನೀರು ಇನ್ನೊಂದು ಕಡೆ, ಹಿನ್ನೀರಿನ ಆಚೆ ಗದ್ದೆ. ಗದ್ದೆ ಒಬ್ಬರದ್ದು, ಕೂಲಿ ಇನ್ನೊಬ್ಬರದ್ದು. ಮೀನು ಹಿಡಿಯುವವನು ಒಬ್ಬ, ಮಾರುವವನು ಇನ್ನೊಬ್ಬ.

ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬರು ಹಿರಿಯ ಮೇಷ್ಟ್ರು ಕೂತಿದ್ದರು. ನನ್ನ ಹರಕು ತಮಿಳಿನಲ್ಲಿ ಮಾತು ಎಳೆದೆ. 1990ರ ವಿಷಯ ಬಂತು. ಅವರು ಕೈಯನ್ನು ಕಿಟಕಿಯ ಆಚೆ ಚಾಚಿ, ಒಂದು ಅಡ್ಡರಸ್ತೆ ತೋರಿಸಿದರು. ಅದರ ಆಚೆಗೆ ಆ ವರ್ಷ ಹೋಗುತ್ತಿರಲಿಲ್ಲ ಅಂದರು. ಅಡ್ಡರಸ್ತೆಯ ಆಚೆ ಇದ್ದದ್ದು ಅವರೇ ಪಾಠ ಹೇಳಿದ ಮಕ್ಕಳ ಮನೆಗಳು.

ಹೀಗೆ ಹೆಣೆದುಕೊಂಡ ಊರುಗಳಲ್ಲಿ ಯುದ್ಧ ಹುಟ್ಟಲಿಲ್ಲ, ಇದನ್ನು ಗಮನಿಸಬೇಕು. ಯಾರಿಗೂ ಅಲ್ಲಿ ಪೂರ್ತಿ ನೆಲ ನಮ್ಮದು ಅನ್ನುವ ಧೈರ್ಯ ಬರುವುದು ಕಷ್ಟ. ಆದರೆ ಯುದ್ಧ ಬೇರೆ ಕಡೆ ಹುಟ್ಟಿ ಇಲ್ಲಿಗೆ ಬಂದ ಮೇಲೆ, ಎಲ್ಲಕ್ಕಿಂತ ಹೆಚ್ಚು ನೋವು ತಿಂದ ಜಾಗಗಳಲ್ಲಿ ಇದೂ ಒಂದು. 1990ರ ಆಗಸ್ಟ್ 3ರ ರಾತ್ರಿ ಹುಲಿಗಳು ಕಾತ್ತಾನ್‌ಕುಡಿಯ ಎರಡು ಮಸೀದಿಗಳಲ್ಲಿ ನಮಾಜಿಗೆ ಬಗ್ಗಿದವರನ್ನು ಕೊಂದರು, ನೂರಕ್ಕೂ ಜಾಸ್ತಿ ಜನ. ಸುತ್ತಲಿನ ತಮಿಳು ಹಳ್ಳಿಗಳ ಮೇಲೆ ಸೇಡಿನ ದಾಳಿ ಆಯಿತು. ಪಕ್ಕದ ಊರು ಒಂದು ಮೈಲಿ ದೂರ. ನಡೆದು ಹೋಗಿ ಕೊಲ್ಲಬಹುದಾದಷ್ಟು ಹತ್ತಿರ, ಗೋಡೆ ಕಟ್ಟಿಕೊಳ್ಳಬಹುದಾದಷ್ಟು ಬೇರೆ. ಇಬ್ಬರೂ ಪಕ್ಕದವರು ಮೊದಲು ಬರುತ್ತಾರೆ ಅಂತ ಹೆದರಿ ಎದ್ದು ಕೂತ ರಾತ್ರಿಗಳು ಅವು.

ಅದೇ ವರ್ಷ ಅಕ್ಟೋಬರಿನಲ್ಲಿ ಉತ್ತರದಲ್ಲಿ ನಡೆದದ್ದು ಇನ್ನೊಂದು ಪಾಠ. ಅಲ್ಲಿ ಮುಸ್ಲಿಮರು ನೂರಕ್ಕೆ ಐದು ಕೂಡ ಇಲ್ಲ. ಶತಮಾನಗಳಿಂದ ಅಲ್ಲೇ ಇದ್ದವರು, ಟೈಲರ್ ಅಂಗಡಿ, ಕಬ್ಬಿಣದ ವ್ಯಾಪಾರ ಇಟ್ಟುಕೊಂಡವರು. ಯಾಳ್ಪಾಣದವರಿಗೆ ಎರಡು ಗಂಟೆಯ ಗಡುವು ಕೊಟ್ಟು, ಕೈಯಲ್ಲಿ ಒಂದಿಷ್ಟು ದುಡ್ಡು ಬಿಟ್ಟು ಎಲ್ಲ ಕಿತ್ತುಕೊಂಡು ಹುಲಿಗಳು ಹೊರಗೆ ಹಾಕಿದರು. ಉತ್ತರ ಪ್ರಾಂತ್ಯದಿಂದ ಹೀಗೆ ಹೋದವರು ಸುಮಾರು 70 ಸಾವಿರ. ಬಹಳಷ್ಟು ಜನ ಪುತ್ತಳಂ ಕಡೆ ಉಪ್ಪಿನ ಗದ್ದೆಗಳ ಬದಿಯಲ್ಲಿ ಗುಡಿಸಲು ಹಾಕಿದರು. "ನಮ್ಮ ನೆಲ" ಅನ್ನುವ ಮಾತು ಸುಳ್ಳಲ್ಲ ಅಂತ ಮೇಲೆ ಬರೆದೆ. ಆ ಮಾತು ಬಂದೂಕು ಹಿಡಿದವರ ಬಾಯಿಗೆ ಹೋದ ಮೇಲೆ ಏನಾಗುತ್ತದೆ ಅನ್ನುವುದನ್ನೂ ಬರೆಯದಿದ್ದರೆ ನಾನು ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ.

ಬೇರೆ ಬೇರೆ ಇಟ್ಟರೆ ಸರಿಹೋಗುತ್ತದಾ?

ಇಂಥ ಕತೆ ಕೇಳಿದ ಕೂಡಲೇ ಯಾರಾದರೂ ಹೇಳುತ್ತಾರೆ: ಹಾಗಾದರೆ ಅವರವರನ್ನು ಅವರವರ ಜಾಗದಲ್ಲಿ ಇಟ್ಟುಬಿಟ್ಟರೆ ಆಯಿತಲ್ಲ. ಲಂಕೆಯಲ್ಲಿ ಅದನ್ನೂ ಮಾಡಿ ನೋಡಿದ್ದಾಯಿತು. 1983ರ ಜುಲೈನಲ್ಲಿ ಯಾಳ್ಪಾಣದ ತಿರುನೆಲ್ವೇಲಿಯಲ್ಲಿ 13 ಸೈನಿಕರು ಸತ್ತರು. ಮರುದಿನದಿಂದ ಕೊಲಂಬೊದಲ್ಲಿ ಗುಂಪುಗಳು ಮತದಾರರ ಪಟ್ಟಿ ಹಿಡಿದು ತಮಿಳರ ಮನೆ ಹುಡುಕಿದವು. ಯುದ್ಧ ಮಾಡದ ತಮಿಳರು ಅವರು. ಸಿಂಹಳೀಯರ ನಡುವೆ ಬಾಡಿಗೆ ಮನೆ ಹಿಡಿದು ಆಫೀಸಿಗೆ ಹೋಗುತ್ತಿದ್ದವರು, ಅಂಗಡಿ ಇಟ್ಟವರು. ಚದುರಿ ಇದ್ದವರ ಹಣೆಬರಹ ಇದು. ಅವರಿಂದ ದಂಗೆ ಏಳುವುದಿಲ್ಲ, ದಂಗೆ ಅವರ ಮೇಲೆ ಬೀಳುತ್ತದೆ. 1991ರ ಡಿಸೆಂಬರಿನಲ್ಲಿ ಕಾವೇರಿ ಗಲಭೆಯ ಹೊತ್ತಿಗೆ ಬೆಂಗಳೂರಿನ ಬಡ ತಮಿಳರ ಮೇಲೆ ಬಿದ್ದದ್ದೂ ಹೀಗೆಯೇ. ಅದು ನಮ್ಮವರೇ ಮಾಡಿದ್ದು, ಅದನ್ನು ನೆನಪಿಸಿಕೊಳ್ಳಲು ನಾವು ಹಿಂಜರಿಯುತ್ತೇವೆ.

1983ರಲ್ಲಿ ಬದುಕಿ ಉಳಿದವರನ್ನು ಸರ್ಕಾರ ಹಡಗು ಹತ್ತಿಸಿ ಯಾಳ್ಪಾಣಕ್ಕೆ ಕಳಿಸಿತು. ಸುರಕ್ಷಿತ ಜಾಗ ಅಂತ. ಯಾಳ್ಪಾಣವನ್ನು ಬರೀ ಕೇಳಿ ಗೊತ್ತಿದ್ದ ಕೊಲಂಬೊದ ಹುಡುಗರು ಸುಟ್ಟ ಮನೆಯ ನೆನಪು ಹೊತ್ತು ಅಲ್ಲಿ ಇಳಿದರು. ಹೋರಾಟದ ಗುಂಪುಗಳಿಗೆ ಆ ವರ್ಷದಷ್ಟು ಹುಡುಗರು ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಬೆರೆತಿದ್ದವರನ್ನು ಹೊಡೆದು ಒಂದೇ ಕಡೆ ಒಟ್ಟು ಮಾಡಿದ್ದರಿಂದ ಯುದ್ಧಕ್ಕೆ ಬೇಕಾದ ಜಾಗವೂ ಜನವೂ ಒಟ್ಟಿಗೆ ಸಿಕ್ಕಿದವು. ಆಮೇಲೆ ಇಪ್ಪತ್ತಾರು ವರ್ಷ ಯುದ್ಧ.

ಕೊಲಂಬೊದ ವೆಳ್ಳವತ್ತೆಯಲ್ಲಿ ಇವತ್ತೂ ತಮಿಳರು ಇದ್ದಾರೆ. ಅಷ್ಟೆಲ್ಲ ಆದ ಮೇಲೂ ವಾಪಸ್ ಬಂದರು, ಯುದ್ಧ ನಡೆಯುವಾಗಲೂ ಉತ್ತರದಿಂದ ಅಲ್ಲಿಗೇ ಬಂದರು. ಬೇರೆ ಬೇರೆ ಇರಬೇಕು ಅನ್ನುವ ವಾದಕ್ಕೆ ಅವರೇ ತಮ್ಮ ಕಾಲಿನಿಂದ ಉತ್ತರ ಕೊಟ್ಟಿದ್ದಾರೆ.

ಏಳು ಪರ್ಚ್ ನೆಲ

2023ಕ್ಕೆ ಮಲೆನಾಡಿನ ತೋಟದವರು ತಮಿಳುನಾಡಿನಿಂದ ಆ ದ್ವೀಪಕ್ಕೆ ಬಂದು 200 ವರ್ಷ ಆಯಿತು ಅಂತ ಲೆಕ್ಕ ಹಾಕಿದರು. ಮೊದಲು ಬಂದವರು ಕಾಡಿನಲ್ಲಿ ನಡೆದ ದಾರಿಯನ್ನೇ ಹಿಡಿದು ತಲೈಮನ್ನಾರಿನಿಂದ ಮಾತಳೆಯವರೆಗೆ ಮತ್ತೆ ನಡೆದರು. ದಾರಿಯಲ್ಲಿ ಕೇಳಿದ್ದು ಈಳಂ ಅಲ್ಲ. ಮನೆ ಕಟ್ಟಲು ಹಕ್ಕುಪತ್ರ ಇರುವ ನೆಲ, ಸರಿಯಾದ ಕೂಲಿ, ಬೇರೆ ನಾಗರಿಕರಿಗೆ ಇರುವ ಮರ್ಯಾದೆ. 2003ರ ಕಾನೂನು ಉಳಿದವರಿಗೂ ಪೌರತ್ವ ಕೊಟ್ಟಿದೆ. ಆದರೂ ಬಹಳಷ್ಟು ಕುಟುಂಬಗಳು ಇನ್ನೂ ಲೈನಿನಲ್ಲೇ ಇವೆ. ಈಚಿನ ವರ್ಷಗಳಲ್ಲಿ ಏಳು ಪರ್ಚ್ ನೆಲ, ಅದರಲ್ಲಿ ಒಂದು ಸಣ್ಣ ಮನೆ ಅಂತ ಯೋಜನೆ ಬಂದಿದೆ, ಭಾರತ ಸರ್ಕಾರವೂ ಸಾವಿರಾರು ಮನೆಗಳಿಗೆ ದುಡ್ಡು ಕೊಟ್ಟಿದೆ. ಏಳು ಪರ್ಚ್ ಅಂದರೆ ನಮ್ಮ ಕಡೆಯ ಲೆಕ್ಕದಲ್ಲಿ ನಾಲ್ಕೂವರೆ ಸೆಂಟ್ಸ್ ಕೂಡ ಆಗುವುದಿಲ್ಲ.

ಇದಕ್ಕೂ ಹೆದರುವವರು ಇದ್ದಾರೆ. ಇವತ್ತು ನಾಲ್ಕು ಸೆಂಟ್ಸ್ ಕೊಟ್ಟರೆ ನಾಳೆ ನುವರ ಎಲಿಯಾವನ್ನೇ ಕೇಳುತ್ತಾರೆ, ಉತ್ತರದಲ್ಲಿ ಆದದ್ದು ಗುಡ್ಡದಲ್ಲೂ ಆಗುತ್ತದೆ ಅನ್ನುತ್ತಾರೆ. ಜಾಗ ಇದ್ದರೆ ಯುದ್ಧ ಅಂತ ನಾನೇ ಇಷ್ಟು ಹೊತ್ತು ಬರೆದದ್ದರಿಂದ ಈ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ನನ್ನ ಜವಾಬ್ದಾರಿ. ನನ್ನ ಉತ್ತರ ಇದು. ಯಾಳ್ಪಾಣದಲ್ಲಿ ಹೆದರಿಕೆ ಹುಟ್ಟಿಸಿದ್ದು ಜನರ ಕೈಯಲ್ಲಿ ಪಟ್ಟಾ ಇದ್ದದ್ದಲ್ಲ. ತಮ್ಮ ಸುತ್ತಲಿನ ನೆಲದಲ್ಲಿ ಯಾರು ಬಂದು ಕೂರುತ್ತಾರೆ ಅನ್ನುವುದರಲ್ಲಿ ತಮಗೆ ಮಾತೇ ಇಲ್ಲ ಅನ್ನುವುದು. 1957ರಲ್ಲಿ ಆ ಮಾತನ್ನು ಕೊಡಲು ಒಪ್ಪಿ, ಮರುವರ್ಷ ಕಿತ್ತುಕೊಂಡರು. ಹಟನ್ನಿನ ಹುಡುಗಿಯ ಹೆಸರಿನಲ್ಲಿ ನಾಲ್ಕು ಸೆಂಟ್ಸಿಗೆ ಕಾಗದ ಇದ್ದರೆ ಅವಳು ತೋಟದ ಕೆಲಸ ಬಿಟ್ಟು ಪೇಟೆಯಲ್ಲಿ ಟೈಪಿಂಗ್ ಕಲಿಯಲು ಹೋಗಬಹುದು, ಮನೆ ಕಳೆದುಕೊಳ್ಳುವ ಹೆದರಿಕೆ ಇಲ್ಲದೆ. ಅದೇ ಬಿಲದ ಹಾಗಿನ ಕೋಣೆಗಳಲ್ಲಿ, ಎಲ್ಲರನ್ನೂ ಒಟ್ಟಿಗೆ, ಕೆಳಗಿನ ಹಳ್ಳಿಯಿಂದ ದೂರ ಇಟ್ಟುಕೊಂಡಿರುವುದರಿಂದ ಯಾರಿಗೂ ರಕ್ಷಣೆ ಸಿಕ್ಕಿಲ್ಲ. ಕೆಳಗಿನ ಹಳ್ಳಿಯಲ್ಲಿ ಭೂಮಿ ಇಲ್ಲದೆ ಉಳಿದವರಿಗೂ ಅದೇ ಅಳತೆಯ ನೆಲ, ಅದೇ ಕಾಗದ ಕೊಡಬೇಕು. ಒಬ್ಬರಿಗೆ ಕೊಟ್ಟು ಇನ್ನೊಬ್ಬರನ್ನು ಬಿಟ್ಟರೆ 1949ರಲ್ಲಿ ಗಲ್ ಓಯದಲ್ಲಿ ಆದ ತಪ್ಪೇ ಮತ್ತೆ ಆಗುತ್ತದೆ.